ಪುಣ್ಯವನ್ನು ಅಲ್ಲಾಹನು ಕೊಡುವನು, ಕೂಲಿಯನ್ನು ಕೊಡಬೇಕಾದವರು ಯಾರು?

ಪ್ರತಿ ವರ್ಷ ಮೇ 12 ಬಂತೆಂದರೆ ಶುಶ್ರೂಷಕಿಯರಿಗೆ ಶಾಲು ಹೊದಿಸುವ ಸಮಾರಂಭಗಳು ನಡೆಯುತ್ತವೆ. ಫ್ಲಾರೆನ್ಸ್ ನೈಟಿಂಗೇಲರ ಭಾವಚಿತ್ರಕ್ಕೆ ಹಾರ ಬೀಳುತ್ತದೆ. ವೇದಿಕೆಯಲ್ಲಿ ನಮ್ಮವರೊಬ್ಬರಿದ್ದರೆ, ನೈಟಿಂಗೇಲರಿಗಿಂತ ಹನ್ನೆರಡು ಶತಮಾನಗಳ ಹಿಂದೆಯೇ ಮದೀನಾದಲ್ಲಿ ರುಫೈದಾ(ರ) ಎಂಬ ಸಹಾಬಿ ಮಹಿಳೆ ಗಾಯಾಳುಗಳಿಗಾಗಿ ಡೇರೆ ಹಾಕಿದ್ದರೆಂದೂ, ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ)ರನ್ನು ಸ್ವತಃ ಪ್ರವಾದಿ(ಸ)ಯವರೇ ಆ ಡೇರೆಗೆ ಕಳುಹಿಸಿದ್ದರೆಂದೂ ಅಭಿಮಾನದಿಂದ ಹೇಳುತ್ತಾರೆ. ಶುಶ್ರೂಷೆಯು ಸೇವೆ, ಅದು ಇಬಾದತ್, ಅದರ ಸವಾಬ್ ಅಪಾರ ಎಂಬಲ್ಲಿಗೆ ಭಾಷಣ ಮುಗಿಯುತ್ತದೆ. ಹೇಳಿದ್ದೆಲ್ಲವೂ ನಿಜ. ಹೇಳದೆ ಬಿಟ್ಟ ಮಾತಿನ ಬಗ್ಗೆಯೇ ನಮ್ಮ ತಕರಾರು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ - ಬೆಳಗಾವಿ ಜಿಲ್ಲೆಯ ಈ ನಾಲ್ಕು ತಾಲೂಕುಗಳ ಸರಕಾರಿ ಉಪಕೇಂದ್ರಗಳಲ್ಲಿಯೂ ಪಟ್ಟಣಗಳ ಖಾಸಗಿ ದವಾಖಾನೆಗಳಲ್ಲಿಯೂ ದುಡಿಯುವ, ಜನರು ನರ್ಸಬಾಯಿ ಎಂದೋ ಸಿಸ್ಟರ್ ಎಂದೋ ಕರೆಯುವ ಸಹೋದರಿಯರಿಗೆ ನಮ್ಮ ಸಮಾಜವು ಸವಾಬನ್ನು ಧಾರಾಳವಾಗಿ ಹಂಚುತ್ತಿದೆ, ಕೂಲಿಯನ್ನು ಮಾತ್ರ ಎಣಿಸಿ ಎಣಿಸಿ ಕೊಡುತ್ತಿದೆ. ಸವಾಬ್ ಹಂಚಲು ನಾವು ಯಾರು? ಅದು ಅಲ್ಲಾಹನ ಖಜಾನೆಯದು. ನಮ್ಮ ಕೈಯಲ್ಲಿರುವುದು ಕೂಲಿ ಮಾತ್ರ. ತನ್ನದಲ್ಲದ ಖಜಾನೆಯಿಂದ ಉದಾರವಾಗಿ ದಾನಮಾಡಿ ತನ್ನ ಕಿಸೆಯ ಬಾಯಿಯನ್ನು ಹೊಲಿದುಕೊಳ್ಳುವ ಜಾಣ್ಮೆಗೆ ಧರ್ಮದ ಹೆಸರು ಕೊಡುವುದನ್ನು ನಾವು ಒಪ್ಪಲಾರೆವು.

ಮೊದಲು ಈ ಸಹೋದರಿಯರ ಕೆಲಸವೇನೆಂಬುದನ್ನು ನೋಡೋಣ. ಅದು ಅವರನ್ನು ದುಡಿಸುವವರಿಗೂ ಸರಿಯಾಗಿ ಗೊತ್ತಿರುವಂತೆ ತೋರುವುದಿಲ್ಲ. ಎಎನ್‌ಎಂ ಎಂದರೆ ಪದವೀಧರ ನರ್ಸ್ ಅಲ್ಲ, ಮೂರು ವರ್ಷಗಳ ಜಿಎನ್‌ಎಂ ಡಿಪ್ಲೊಮಾ ಪಡೆದವರೂ ಅಲ್ಲ. ಪಿಯುಸಿಯ ನಂತರ ಎರಡು ವರ್ಷ ತರಬೇತಿ ಪಡೆದು, ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡ ಸಹಾಯಕ ಶುಶ್ರೂಷಕಿ ಹಾಗೂ ಸೂಲಗಿತ್ತಿ. ಹಿಂದೆ ಈ ಹುದ್ದೆಯ ಮುಖ್ಯ ಕೆಲಸವು ಹೆರಿಗೆ ಮತ್ತು ತಾಯಿ ಮಕ್ಕಳ ಆರೈಕೆಯೇ ಆಗಿತ್ತು. 1973ರಲ್ಲಿ ಕರ್ತಾರ್ ಸಿಂಗ್ ಸಮಿತಿಯು ವರದಿ ಕೊಟ್ಟ ಮೇಲೆ ಅವರನ್ನು ವಿವಿಧೋದ್ದೇಶ ಆರೋಗ್ಯ ಕಾರ್ಯಕರ್ತೆಯರನ್ನಾಗಿ ಮಾಡಲಾಯಿತು. ಸೂಲಗಿತ್ತಿಯು ಒಮ್ಮೆಲೆ ಎಲ್ಲ ಕೆಲಸದವಳಾದಳು. ಅಂದಿನಿಂದ ಇಂದಿನವರೆಗೆ ಸರಕಾರವು ಹೊಸ ಯೋಜನೆ ತಂದಾಗಲೆಲ್ಲ ಅದನ್ನು ಹೊರಿಸಲು ಹುಡುಕುವ ಮೊದಲ ಹೆಗಲು ಇವರದೇ.

ಮೈದಾನ ಪ್ರದೇಶದಲ್ಲಿ 5,000 ಜನಸಂಖ್ಯೆಗೊಂದು ಉಪಕೇಂದ್ರವೆಂಬುದು ಸರಕಾರದ ಮಾನದಂಡ. ಆ ಐದು ಸಾವಿರ ಜನರಲ್ಲಿ ಯಾರು ಗರ್ಭಿಣಿ, ಯಾರ ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆ, ಯಾವ ಮಗುವಿಗೆ ಯಾವ ಗುರುವಾರ ಯಾವ ಲಸಿಕೆ, ಯಾರ ಕಫ ಪರೀಕ್ಷೆಗೆ ಹೋಗಬೇಕು, ಯಾರ ರಕ್ತದೊತ್ತಡ ಏರಿದೆ ಎಂಬುದೆಲ್ಲ ಅವರಿಗೆ ತಿಳಿದಿರಬೇಕು. ತಾಯಿ ಕಾರ್ಡು ತುಂಬಬೇಕು, ವಹಿ ಬರೆಯಬೇಕು, ಬರೆದುದನ್ನೇ ಮತ್ತೆ ಮೊಬೈಲಿನಲ್ಲಿ ತುಂಬಬೇಕು, ನೆಟ್‌ವರ್ಕ್ ಸಿಗದಿದ್ದರೆ ಸಿಗುವಲ್ಲಿಗೆ ನಡೆಯಬೇಕು. ಸಂತಾನಹರಣ ಶಿಬಿರಕ್ಕೆ ಹೆಣ್ಣುಮಕ್ಕಳನ್ನು ಕರೆತರಬೇಕು. ಗಂಡಸರೇಕೆ ಬರುವುದಿಲ್ಲವೆಂದು ಯಾರೂ ಕೇಳುವುದಿಲ್ಲ. ಯಲ್ಲಮ್ಮನ ಗುಡ್ಡದ ಜಾತ್ರೆಗೆ ಲಕ್ಷಾಂತರ ಜನರು ನೆರೆದಾಗ ಕಾಯಿಲೆ ಹರಡದಂತೆ ಕಾಯುವ ಹೊಣೆಯೂ ಆರೋಗ್ಯ ಇಲಾಖೆಯದೇ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಸವದತ್ತಿ ತಾಲೂಕಿನ ಮುನವಳ್ಳಿಗೂ ರಾಮದುರ್ಗದ ನದೀತೀರಕ್ಕೂ ನೀರು ನುಗ್ಗಿದಾಗ, ಪರಿಹಾರ ಕೇಂದ್ರಗಳಲ್ಲಿದ್ದ ಬಾಣಂತಿಯರನ್ನೂ ಹಸುಳೆಗಳನ್ನೂ ನೋಡಿಕೊಳ್ಳಬೇಕಾದವರು ಯಾರಾಗಿದ್ದರು? ರಾಮದುರ್ಗದಿಂದ ಜಿಲ್ಲಾ ಕೇಂದ್ರವು ಸುಮಾರು 100 ಕಿಲೋಮೀಟರ್ ದೂರ. ಆ ದೂರದ ಈಚೆಗೆ, ಹಳ್ಳಿಯ ಗರ್ಭಿಣಿಯ ಪಾಲಿಗೆ ಮೊದಲು ಸಿಗುವ ತರಬೇತಾದ ಕೈ ಈ ಸಹೋದರಿಯದು.

ಇಷ್ಟಕ್ಕೆ ಸರಕಾರವು ಕೊಟ್ಟ ಗೌರವವೆಂದರೆ ಹೆಸರು ಬದಲಾವಣೆ. ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯೆಂದು ಕರೆಯಲಾಗುತ್ತಿದ್ದವರು ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ. ಅಧಿಕಾರಿಯೆಂಬ ಪದ ಸೇರಿತು, ಬೆನ್ನಿನ ಮೇಲಿನ ಒಂದು ಮೂಟೆಯೂ ಇಳಿಯಲಿಲ್ಲ.

ಇಲ್ಲಿ ನಮ್ಮ ಜಿಲ್ಲೆಯ ಒಂದು ಸಂಗತಿಯನ್ನು ಓದುಗರ ಗಮನಕ್ಕೆ ತರಲೇಬೇಕು, ಏಕೆಂದರೆ ಇದನ್ನು ಯಾವ ಸಮಾರಂಭದಲ್ಲಿಯೂ ನಾವು ಕೇಳಿಲ್ಲ. ಹೆರಿಗೆಯ ನಂತರದ ರಕ್ತಸ್ರಾವವು ಬಡದೇಶಗಳ ತಾಯಂದಿರನ್ನು ಬಲಿ ಪಡೆಯುವ ಪ್ರಮುಖ ಕಾರಣಗಳಲ್ಲೊಂದು. ಅದನ್ನು ತಡೆಯುವ ಚುಚ್ಚುಮದ್ದನ್ನು ತಂಪಿನಲ್ಲಿಡಬೇಕು. ಹಳ್ಳಿಯ ಮನೆಯಲ್ಲಿ ಅದು ಎಲ್ಲಿ ಸಾಧ್ಯ? ಅದರ ಬದಲಿಗೆ ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಯನ್ನು ನುಂಗಿಸಿದರೆ ಫಲವುಂಟೇ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರೊಂದಿಗೆ ಸೇರಿ 2002ರಿಂದ 2005ರವರೆಗೆ ಈ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಅಧ್ಯಯನ ನಡೆಸಿದರು. 1,620 ತಾಯಂದಿರು ಅದರಲ್ಲಿದ್ದರು. ಹೆರಿಗೆ ಮಾಡಿಸಿದವರು, ಮಾತ್ರೆ ಕೊಟ್ಟವರು, ಸುರಿದ ರಕ್ತವನ್ನು ಅಳೆದವರು ವೈದ್ಯರಲ್ಲ, 25 ಮಂದಿ ಎಎನ್‌ಎಂ ಸಹೋದರಿಯರು. ಔಷಧವಿಲ್ಲದ ಹುಸಿಮಾತ್ರೆ ಪಡೆದವರಲ್ಲಿ ನೂರಕ್ಕೆ 12 ಮಂದಿಗೆ ರಕ್ತಸ್ರಾವವಾದರೆ, ಔಷಧ ಪಡೆದವರಲ್ಲಿ ಅದು 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯು ಇದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಬಳಕೆಗಾಗಿ ಆ ಮಾತ್ರೆಯನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿದಾಗ ಮುಂದಿದ್ದ ಪ್ರಮುಖ ಸಾಕ್ಷ್ಯಗಳಲ್ಲಿ ಬೆಳಗಾವಿಯದೂ ಒಂದು.

ಎರಡು ವರ್ಷವೂ ಪೂರ್ತಿಯಾಗದ ಅಂದಿನ ಹದಿನೆಂಟು ತಿಂಗಳ ತರಬೇತಿ ಪಡೆದ ಹೆಣ್ಣುಮಕ್ಕಳು ಚಿಮಣಿ ಬೆಳಕಿನ ಮನೆಗಳಲ್ಲಿ ಕುಳಿತು ಅಳೆದ ರಕ್ತದ ಲೆಕ್ಕದಿಂದ ಆಫ್ರಿಕದ ತಾಯಂದಿರಿಗೂ ಪ್ರಯೋಜನವಾಯಿತು. ಈ ಕೈಗಳನ್ನು ಸಹಾಯಕ ಕೈಗಳೆಂದು ಕರೆದು ಬದಿಗೆ ಸರಿಸುವುದು ಎಷ್ಟು ಸರಿ?

ಅದೇ ಉಪಕೇಂದ್ರಗಳ ಗುತ್ತಿಗೆ ಸಹೋದರಿಯರ ಸ್ಥಿತಿಯಂತೂ ಇನ್ನೂ ಶೋಚನೀಯ. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾದ ಮೇಲೆ ಅಭಿಯಾನದ ಹಣದಲ್ಲಿ ನೇಮಕಗೊಂಡವರು ವರ್ಷ ವರ್ಷವೂ ಕರಾರು ನವೀಕರಿಸಿಕೊಳ್ಳುತ್ತ, ಪಕ್ಕದ ಕುರ್ಚಿಯಲ್ಲಿ ಕುಳಿತ ಖಾಯಂ ನೌಕರಳಷ್ಟೇ ದುಡಿಯುತ್ತ, ಅವಳ ಸಂಬಳವನ್ನು ದೂರದಿಂದ ನೋಡುತ್ತಿದ್ದಾರೆ. ಒಂದೇ ಕೆಲಸ ಮಾಡುವ ತಾತ್ಕಾಲಿಕ ನೌಕರರಿಗೂ ಸಮಾನ ವೇತನ ಕೊಡಬೇಕೆಂದು ಸುಪ್ರೀಂ ಕೋರ್ಟ್ 2016ರ ಅಕ್ಟೋಬರ್‌ನಲ್ಲಿ ಪಂಜಾಬಿನ ಪ್ರಕರಣದಲ್ಲಿ ಹೇಳಿತು. 2023ರ ಫೆಬ್ರವರಿಯಲ್ಲಿ ರಾಜ್ಯದ ಅಭಿಯಾನ ನೌಕರರು ಖಾಯಮಾತಿ ಕೇಳಿ ಮುಷ್ಕರ ಹೂಡಿದರು. ಕೋವಿಡ್ ಕಾಲದಲ್ಲಿ ಅವರ ಮೇಲೆ ಹೂ ಸುರಿದಿದ್ದ ಸಮಾಜವು ಆಗ ಲಸಿಕೆ ತಪ್ಪಿತೆಂದು ಗೊಣಗಿತು.

ಸರಕಾರವನ್ನು ಬೈಯುವುದು ಸುಲಭ. ಈ ವಾರ ನಾವು ಹೇಳಬೇಕೆಂದಿರುವ ಮಾತು ಅದಕ್ಕಿಂತ ಹತ್ತಿರದ್ದು, ನಮ್ಮದೇ ಪಟ್ಟಣಗಳ ಖಾಸಗಿ ದವಾಖಾನೆಗಳದ್ದು. ಅವುಗಳಲ್ಲಿ ನಮ್ಮವರೇ ಕಟ್ಟಿದವೂ ಇವೆ, ಟ್ರಸ್ಟಿನ ಹೆಸರಿನಲ್ಲಿ ನಡೆಯುವವೂ ಇವೆ. ಯಾರ ಹೆಸರನ್ನೂ ನಾವು ಹೇಳುವುದಿಲ್ಲ. ಓದುಗರು ತಮ್ಮ ಮೊಹಲ್ಲಾದಲ್ಲಿ ಬಿಳಿ ಕೋಟು ತೊಟ್ಟು ಬೆಳಿಗ್ಗೆ ಹೊರಡುವ ಹೆಣ್ಣುಮಗಳನ್ನೇ ಕೇಳಲಿ: ನಿನಗೆ ನೇಮಕಾತಿ ಪತ್ರವಿದೆಯೇ? ಪಾಳಿ ಎಷ್ಟು ಗಂಟೆ? ವಾರದ ರಜೆ ಸಿಗುತ್ತದೆಯೇ? ನಿನ್ನ ಮೂಲ ಅಂಕಪಟ್ಟಿ ನಿನ್ನ ಬಳಿ ಇದೆಯೇ, ಮಾಲಕರ ಕಪಾಟಿನಲ್ಲಿದೆಯೇ?

ಅವಳ ಕೆಲಸವು ಎರಡು ದಿಕ್ಕಿಗೆ ಎಳೆಯಲ್ಪಡುತ್ತದೆ. ಒಂದೆಡೆ ಅವಳ ತರಬೇತಿಗೆ ಮೀರಿದ ಕೆಲಸ. ವೈದ್ಯರು ಬೇರೊಂದು ಊರಿನ ದವಾಖಾನೆಯಲ್ಲಿರುವಾಗ ಫೋನಿನಲ್ಲಿ ಬಂದ ಮಾತಿನ ಮೇಲೆ ಸಲಾಯಿನ್ ಹಚ್ಚಬೇಕು, ಯಾವ ಸೂಜಿ ಎಷ್ಟು ಎಂಬುದನ್ನು ನಿರ್ಧರಿಸಬೇಕು, ಕಷ್ಟದ ಹೆರಿಗೆಯನ್ನು ಒಬ್ಬಳೇ ಎದುರಿಸಬೇಕು. ಇನ್ನೊಂದೆಡೆ ಅವಳ ತರಬೇತಿಗೆ ಸಂಬಂಧವೇ ಇಲ್ಲದ ಕೆಲಸ. ಆಯಾ ಬಾರದ ದಿನ ನೆಲ ಒರೆಸಬೇಕು, ಬಿಲ್ಲು ಬರೆಯಬೇಕು, ಔಷಧದಂಗಡಿಯಲ್ಲಿ ನಿಲ್ಲಬೇಕು. ಎಲ್ಲವೂ ಸುಸೂತ್ರವಾದರೆ ಕೀರ್ತಿ ಡಾಕ್ಟರರದು. ರೋಗಿಗೆ ಹೆಚ್ಚುಕಡಿಮೆಯಾದರೆ ಸಂಬಂಧಿಕರ ಮುಂದೆ ನಿಲ್ಲಿಸಲ್ಪಡುವವಳು ಸಿಸ್ಟರ್. ಅಷ್ಟೇ ಅಲ್ಲ, ಎಸೆಸೆಲ್ಸಿ ಮುಗಿಸಿದ ಹುಡುಗಿಗೆ ಆರು ತಿಂಗಳು ಸೂಜಿ ಚುಚ್ಚಲು ಕಲಿಸಿ, ಕೋಟು ತೊಡಿಸಿ, ನೋಂದಾಯಿತ ಶುಶ್ರೂಷಕಿಯ ಜಾಗದಲ್ಲಿ ನಿಲ್ಲಿಸುವ ರೂಢಿಯಿದೆ. ಇದರಿಂದ ಓದಿ ಪರವಾನಗಿ ಪಡೆದವಳ ಬೆಲೆ ಇಳಿಯುತ್ತದೆ, ಓದದವಳ ಭವಿಷ್ಯ ಹಾಳಾಗುತ್ತದೆ, ರೋಗಿಯ ಜೀವವು ಜೂಜಿಗೆ ಬೀಳುತ್ತದೆ. ಲಾಭ ಒಬ್ಬನದೇ.

ಖಾಸಗಿ ಆಸ್ಪತ್ರೆಗಳ ಶುಶ್ರೂಷಕಿಯರು ಶೋಷಣೆಗೊಳಗಾಗಿದ್ದಾರೆಂಬ ದೂರಿನ ಮೇಲೆ ಸುಪ್ರೀಂ ಕೋರ್ಟ್ 2016ರ ಜನವರಿಯಲ್ಲಿ ಸಮಿತಿ ರಚಿಸುವಂತೆ ಕೇಂದ್ರಕ್ಕೆ ಆದೇಶಿಸಿತು. 200ಕ್ಕಿಂತ ಹೆಚ್ಚು ಹಾಸಿಗೆಗಳ ಆಸ್ಪತ್ರೆಯು ಸರಕಾರಿ ಸಂಬಳಕ್ಕೆ ಸಮನಾಗಿ ಕೊಡಬೇಕು, 50ಕ್ಕಿಂತ ಕಡಿಮೆ ಹಾಸಿಗೆಗಳಿದ್ದರೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು ಎಂದು ಆ ಸಮಿತಿಯು ಶಿಫಾರಸು ಮಾಡಿತು. ಕೇರಳದ ನರ್ಸುಗಳು 2017ರಲ್ಲಿ ಬೀದಿಗಿಳಿದು, 2018ರ ಏಪ್ರಿಲ್‌ನಲ್ಲಿ ತಮ್ಮ ಸರಕಾರದಿಂದ 20,000ದ ಕನಿಷ್ಠ ಮೂಲವೇತನದ ಅಧಿಸೂಚನೆಯನ್ನು ಹೊರಡಿಸಿಕೊಂಡರು. ನಮ್ಮ ಪಟ್ಟಣಗಳ ಬಹುತೇಕ ನರ್ಸಿಂಗ್ ಹೋಮ್‌ಗಳು 50 ಹಾಸಿಗೆಗಳ ಒಳಗಿನವೇ. ಅಲ್ಲಿ ಆ ಮೊತ್ತದ ಅರ್ಧವಾದರೂ ಸಿಗುತ್ತಿದೆಯೇ ಎಂದು ಅದೇ ಹೆಣ್ಣುಮಗಳನ್ನು ಕೇಳಿ ನೋಡಿರಿ.

ಈಗ ಧರ್ಮದ ಮಾತಿಗೆ ಬರೋಣ, ಏಕೆಂದರೆ ಸವಾಬಿನ ಭಾಷೆಯನ್ನು ಬಳಸಿದವರು ಅವರೇ. ಅರಬಿಯಲ್ಲಿ ಅಜ್ರ್ ಎಂಬ ಒಂದೇ ಪದವು ದೇವನ ಪ್ರತಿಫಲಕ್ಕೂ ದುಡಿದವನ ಕೂಲಿಗೂ ಸಲ್ಲುತ್ತದೆ. ಕುರ್‌ಆನ್ ಇವೆರಡನ್ನೂ ಹೇಳುತ್ತದೆ, ಆದರೆ ಒಂದರ ಬದಲಿಗೆ ಇನ್ನೊಂದನ್ನು ಕೊಟ್ಟು ಸಾಗಹಾಕಲು ಎಲ್ಲಿಯೂ ಅನುಮತಿಸಿಲ್ಲ. ಮೂಸಾ(ಅ)ರು ಮದ್‌ಯನಿನ ಬಾವಿಯ ಬಳಿ ಇಬ್ಬರು ಹೆಣ್ಣುಮಕ್ಕಳ ಜಾನುವಾರುಗಳಿಗೆ ನೀರು ಕುಡಿಸಿದ್ದು ಕೂಲಿಗಾಗಿ ಅಲ್ಲ, ಕೇಳಿದ್ದೂ ಇಲ್ಲ. ಆದರೂ ಆ ಹೆಣ್ಣುಮಕ್ಕಳ ವೃದ್ಧ ತಂದೆಯು ಕೂಲಿ ಕೊಡಲೆಂದು ಕರೆಕಳುಹಿಸಿದರೆಂದು ಸೂರಃ ಅಲ್ ಕಸಸ್ ತಿಳಿಸುತ್ತದೆ. ಸೂರಃ ಅತ್ತಲಾಕ್ ಇನ್ನೂ ಮುಂದೆ ಹೋಗಿ, ವಿಚ್ಛೇದಿತ ಪತ್ನಿಯು ಆತನ ಮಗುವಿಗೆ ಹಾಲೂಡಿದರೆ ಅದರ ಕೂಲಿಯನ್ನು ಕೊಡಬೇಕೆಂದು ಗಂಡಿಗೆ ಆಜ್ಞಾಪಿಸುತ್ತದೆ. ಆಲೋಚಿಸಿರಿ: ಹಾಲೂಡುತ್ತಿರುವವಳು ಮಗುವಿನ ಸ್ವಂತ ತಾಯಿ! ತಾಯ್ತನಕ್ಕಿಂತ ದೊಡ್ಡ ಸೇವೆ ಯಾವುದು? ಆ ಸೇವೆಯ ಹೆಸರಿನಲ್ಲಿಯೂ ಕೂಲಿಯನ್ನು ನುಂಗಲು ಕುರ್‌ಆನ್ ಬಿಡಲಿಲ್ಲವೆಂದ ಮೇಲೆ, ಯಾರದೋ ಮನೆಯ ಮಗಳನ್ನು ಸೇವೆಯ ಹೆಸರಿನಲ್ಲಿ ದುಡಿಸುವವರಿಗೆ ಯಾವ ಆಧಾರವಿದೆ?

ಮದ್ರಸಾಗಳಲ್ಲಿ ಹಿದಾಯಾ ಓದಿದ ಪ್ರತಿಯೊಬ್ಬನೂ ಇಜಾರಾದ ಅಧ್ಯಾಯವನ್ನು ಓದಿರುತ್ತಾನೆ. ಕೆಲಸವೇನೆಂದು ಗೊತ್ತಿರಬೇಕು, ಕೂಲಿ ಎಷ್ಟೆಂದು ಗೊತ್ತಿರಬೇಕು. ಎರಡರಲ್ಲೊಂದು ಅಸ್ಪಷ್ಟವಾದರೂ ಕರಾರು ದೋಷಪೂರಿತ ಎಂಬುದು ಅದರ ಮೊದಲ ಪಾಠ. ಹಾಲೂಡುವ ದಾದಿಯನ್ನು ಗೊತ್ತುಮಾಡುವ ಪ್ರಕರಣದಲ್ಲಿ ಫುಕಹಾಗಳು ಮಗುವಿಗೆ ಹಚ್ಚುವ ಎಣ್ಣೆಯ ಖರ್ಚು ಯಾರದು ಎಂಬುದನ್ನೂ ಚರ್ಚಿಸದೆ ಬಿಡಲಿಲ್ಲ. ಇಮಾಮ್ ಮುಹಮ್ಮದ್‌ರು ಅದು ದಾದಿಯದೆಂದರೆ, ಅದು ಕೂಫಾದ ವಾಡಿಕೆಯ ಮಾತೆಂದು ಹಿದಾಯಾದ ಕರ್ತೃ ಸ್ಪಷ್ಟಪಡಿಸಿದರು. ಎಂಟು ಶತಮಾನಗಳ ಹಿಂದಿನ ನಮ್ಮ ವಿದ್ವಾಂಸರಿಗೆ ಒಂದು ಬಟ್ಟಲು ಎಣ್ಣೆಯ ವಿಷಯದಲ್ಲಿದ್ದ ಕಾಳಜಿ, ಇಂದಿನ ಟ್ರಸ್ಟಿಗಳಿಗೆ ಹನ್ನೆರಡು ಗಂಟೆಗಳ ಪಾಳಿಯ ವಿಷಯದಲ್ಲಿ ಇಲ್ಲ. ಸ್ವಲ್ಪ ಹೊಂದಿಕೊಂಡು ಹೋಗಬೇಕಮ್ಮಾ ಎಂಬುದೇ ಇಲ್ಲಿ ನೇಮಕಾತಿಯ ಏಕೈಕ ಷರತ್ತು. ದುಡಿಸಿಕೊಂಡು ಪೂರ್ಣ ಕೂಲಿ ಕೊಡದವನ ವಿರುದ್ಧ ಅಂತಿಮ ದಿನದಂದು ಸ್ವತಃ ಅಲ್ಲಾಹನೇ ವಾದಿಯಾಗಿ ನಿಲ್ಲುವನೆಂಬ ಹದೀಸನ್ನು ಬುಖಾರಿಯಲ್ಲಿ ಓದಿದ್ದೇವೆ. ಆ ನ್ಯಾಯಾಲಯದಲ್ಲಿ ರಿಯಾಯಿತಿ ದರದ ದವಾಖಾನೆಯೆಂಬ ಫಲಕವು ಪುರಾವೆಯಾಗುವುದೇ?

ಹಾಂ, ರುಫೈದಾ(ರ)ರ ಡೇರೆಯ ಬಗ್ಗೆ ಮಾತನಾಡುವವರು ಬಿಟ್ಟುಬಿಡುವ ಸಂಗತಿಯನ್ನೂ ಹೇಳಿಬಿಡೋಣ. ಯುದ್ಧಗಳಲ್ಲಿ ಗಾಯಾಳುಗಳನ್ನು ಉಪಚರಿಸುತ್ತಿದ್ದ ಮಹಿಳೆಯರಿಗೆ, ಯೋಧರಂತೆ ನಿಗದಿತ ಪಾಲು ಇಲ್ಲದಿದ್ದರೂ, ಸಮರಾರ್ಜಿತ ಸೊತ್ತಿನಿಂದ ಕೊಡಲಾಗುತ್ತಿತ್ತೆಂದು ಇಬ್ನು ಅಬ್ಬಾಸ್(ರ)ರ ಮಾತು ಸಹೀಹ್ ಮುಸ್ಲಿಮ್‌ನಲ್ಲಿದೆ. ಪ್ರವಾದಿ(ಸ)ಯವರ ಕಾಲದಲ್ಲಿಯೂ ಶುಶ್ರೂಷಕಿಯನ್ನು ಬರಿಗೈಯಲ್ಲಿ ಕಳುಹಿಸಲಿಲ್ಲ.

ಇದಕ್ಕೆ ಬರುವ ಉತ್ತರ ನಮಗೆ ಗೊತ್ತಿದೆ. ಸಂಬಳ ಏರಿಸಿದರೆ ಸಣ್ಣ ದವಾಖಾನೆ ಮುಚ್ಚುತ್ತದೆ, ಬಡರೋಗಿಗೆ ಹೊರೆಯಾಗುತ್ತದೆ ಎನ್ನುತ್ತಾರೆ. ದವಾಖಾನೆಗೆ ಸ್ಕ್ಯಾನಿಂಗ್ ಯಂತ್ರ ಬಂದಾಗ, ಮೇಲೊಂದು ಮಹಡಿ ಎದ್ದಾಗ ಈ ಬಡರೋಗಿಯ ನೆನಪು ಎಲ್ಲಿತ್ತು? ಅದಿರಲಿ, ವಾದವನ್ನೇ ಒಪ್ಪೋಣ. ನಿಜವಾಗಿಯೂ ಬಡವರಿಗೆ ಕಡಿಮೆ ದರದಲ್ಲಿ ಚಿಕಿತ್ಸೆ ಕೊಡುತ್ತಿರುವ ಟ್ರಸ್ಟ್ ಎಂದೇ ಭಾವಿಸೋಣ. ಆ ರಿಯಾಯಿತಿಯ ದಾನಿ ಯಾರು? ಶುಶ್ರೂಷಕಿಗೆ ಸಲ್ಲಬೇಕಾದ ಹತ್ತು ಸಾವಿರವನ್ನು ಕೊಡದೆ ಉಳಿಸಿ ರೋಗಿಗೆ ಐನೂರು ಬಿಟ್ಟುಕೊಟ್ಟರೆ ದಾನ ಮಾಡಿದವಳು ಅವಳು, ಅದೂ ಅವಳ ಒಪ್ಪಿಗೆಯಿಲ್ಲದೆ. ಫಲಕದ ಮೇಲೆ ಕೆತ್ತಲ್ಪಟ್ಟ ಹೆಸರು ಮಾತ್ರ ಬೇರೆಯವರದು. ಬಡವರಿಗೆ ನೆರವಾಗಲು ಝಕಾತ್ ಇದೆ, ಸದಕಾ ಇದೆ, ಶ್ರೀಮಂತರ ಕಿಸೆಯಿದೆ.

ತೃಪ್ತಿ ಮುಖ್ಯ, ಹಣದ ಮಾತು ಬಂದರೆ ಸೇವೆಯು ವ್ಯಾಪಾರವಾಗುತ್ತದೆ ಎಂಬ ಇನ್ನೊಂದು ವಾದವಿದೆ. ಈ ತರ್ಕವು ನಮಗೆ ಬಹಳ ಹಳೆಯ ಪರಿಚಯ. ಮಸೀದಿಗಳ ಇಮಾಮರಿಗೂ ಮುಅಝ್ಝಿನರಿಗೂ ಮದ್ರಸಾದ ಉಸ್ತಾದರಿಗೂ ಇದನ್ನೇ ಹೇಳಿ ತಲೆಮಾರುಗಳನ್ನು ಕಳೆದ ಸಮುದಾಯ ನಮ್ಮದು. ಶಸ್ತ್ರಚಿಕಿತ್ಸೆ ಮಾಡುವವರ ತೃಪ್ತಿಯ ಬಗ್ಗೆ ಯಾರೂ ಉಪದೇಶಿಸುವುದಿಲ್ಲ. ಮುಂಗಡ ಕಟ್ಟಿಸಿಕೊಂಡೇ ಅವರು ತೃಪ್ತರಾಗುತ್ತಾರೆ. ಶುಶ್ರೂಷಕಿಗೆ ತೃಪ್ತಿಯೇ ಇಲ್ಲವೆಂದು ನಾವು ಹೇಳುತ್ತಿಲ್ಲ. ನೀಲಿಗಟ್ಟಿದ ಮಗುವು ಅತ್ತ ಕ್ಷಣದ ತೃಪ್ತಿ ಅವಳಿಗೆ ಇದ್ದೇ ಇದೆ, ಅದನ್ನು ಯಾವ ಮಾಲಕರೂ ಕೊಟ್ಟದ್ದಲ್ಲ. ಮಾಲಕರು ಕೊಡಬೇಕಾದದ್ದು ಬೇರೆ. ಇದು ಅವಳ ಕೆಲಸ, ಇದು ಅವಳದಲ್ಲ ಎಂಬ ಸ್ಪಷ್ಟತೆ, ತಿಂಗಳ ಮೊದಲ ವಾರದಲ್ಲಿ ಸಂಬಳ, ರೋಗಿಗಳ ಮುಂದೆ ಏಕವಚನದಲ್ಲಿ ಕರೆಯದ ನಾಲಗೆ. ಇವಿಲ್ಲದೆ ಇದ್ದ ತೃಪ್ತಿಯೂ ಬತ್ತುತ್ತದೆ. ಅಂತಹವರು ಕೆಲಸ ಬಿಟ್ಟು ಮನೆಯಲ್ಲಿ ಕುಳಿತರೆ, ಹೆಣ್ಣುಮಕ್ಕಳಿಗೆ ಮನಸ್ಸಿಲ್ಲ ಎಂದು ನಾವೇ ತೀರ್ಪು ಕೊಡುತ್ತೇವೆ.

ನಮ್ಮ ಮನೆಗಳ ಇಬ್ಬಗೆತನವನ್ನೂ ಹೇಳದೆ ಇರಲಾಗದು. ಸೊಸೆಯ ಹೆರಿಗೆಗೆ ಹೆಣ್ಣು ಡಾಕ್ಟರರೇ ಬೇಕು, ಹೆಣ್ಣು ನರ್ಸೇ ಬೇಕು, ಸಾಧ್ಯವಿದ್ದರೆ ನಮ್ಮವಳೇ ಆಗಿರಬೇಕು. ಆದರೆ ರಿಶ್ತಾ ಬಂದಾಗ ಹುಡುಗಿ ನರ್ಸ್ ಎಂದರೆ ಮುಖ ಸಿಂಡರಿಸುತ್ತದೆ: ರಾತ್ರಿಪಾಳಿಯಂತೆ, ಗಂಡಸರನ್ನು ಮುಟ್ಟಬೇಕಂತೆ. ಹಾಗಾದರೆ ನಮ್ಮ ಹೆಂಗಸರ ಬಾಣಂತನಕ್ಕೆ ಯಾರ ಮಗಳು ರಾತ್ರಿ ಎಚ್ಚರವಿರಬೇಕು? ಗೌರವಸ್ಥ ಹೆಣ್ಣುಮಕ್ಕಳು ನಮ್ಮ ಮನೆಯವರು, ಎಚ್ಚರವಿರುವವರು ಬೇರೆಯವರ ಮನೆಯವರು ಎಂದೇ? 2020ರ ಏಪ್ರಿಲ್ ಆರಂಭದಲ್ಲಿ ಬೆಂಗಳೂರಿನ ಸಾದಿಕ್ ಬಡಾವಣೆಯಲ್ಲಿ ಕೋವಿಡ್ ಸಮೀಕ್ಷೆಗೆ ಬಂದ ಆಶಾ ಕಾರ್ಯಕರ್ತೆಯನ್ನು ನಮ್ಮವರು ಕೆಲವರು ಸುತ್ತುಗಟ್ಟಿ ಅವಮಾನಿಸಿದ್ದು ಸಮುದಾಯವು ತಲೆತಗ್ಗಿಸಬೇಕಾದ ವಿಷಯ. ಆಗ ನಮ್ಮ ವಿರುದ್ಧ ನಡೆದ ಅಪಪ್ರಚಾರವು ಅನ್ಯಾಯದ್ದಾಗಿತ್ತು. ಆದರೆ ಅದರ ಸಿಟ್ಟನ್ನು ಚೀಟಿ ಹಿಡಿದು ಬಾಗಿಲಿಗೆ ಬಂದ ಬಡ ಹೆಣ್ಣುಮಗಳ ಮೇಲೆ ತೀರಿಸಿಕೊಂಡದ್ದು ಅದಕ್ಕಿಂತ ಕಡಿಮೆ ಅನ್ಯಾಯವಲ್ಲ.

ರಾತ್ರಿಪಾಳಿಯ ಅಂಜಿಕೆಯು ಸುಳ್ಳೆಂದು ನಾವು ಹೇಳುವುದಿಲ್ಲ. ಉತ್ತರ ಕನ್ನಡದ ಹಳದೀಪುರದಿಂದ ಮುಂಬಯಿಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗರ ಮೇಲೆ 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ನೌಕರನೊಬ್ಬನು ಎಸಗಿದ ಕ್ರೌರ್ಯವನ್ನು ಯಾರು ಮರೆಯಬಲ್ಲರು? 2015ರ ಮೇ 18ರಂದು ಕೊನೆಯುಸಿರೆಳೆಯುವವರೆಗೆ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಅವರನ್ನು ನೋಡಿಕೊಂಡವರು ಬಂಧುಗಳಲ್ಲ, ಆ ಆಸ್ಪತ್ರೆಯ ನರ್ಸುಗಳು. ಆದರೆ ಅಂಜಿಕೆಗೆ ಮದ್ದು ಮಗಳನ್ನು ಮನೆಯಲ್ಲಿ ಕೂರಿಸುವುದಲ್ಲ. ಬಟ್ಟೆ ಬದಲಿಸಲು ಚಿಲಕವಿರುವ ಕೋಣೆ ಕೊಡುವುದು, ರಾತ್ರಿ ಮನೆ ಮುಟ್ಟಿಸುವ ವಾಹನ ಕೊಡುವುದು, ಒಬ್ಬಳನ್ನೇ ಪಾಳಿಗೆ ಹಾಕದಿರುವುದು ಮದ್ದು. 2013ರ ಕಾನೂನಿನ ಪ್ರಕಾರ ಹತ್ತು ಮಂದಿ ದುಡಿಯುವಲ್ಲಿ ಲೈಂಗಿಕ ಕಿರುಕುಳದ ದೂರು ಕೇಳುವ ಸಮಿತಿ ಇರಲೇಬೇಕು. ಅದಕ್ಕಿಂತ ಕಡಿಮೆಯಿದ್ದರೆ ಜಿಲ್ಲಾ ಮಟ್ಟದ ಸಮಿತಿಗೆ ದೂರು ಕೊಡಬಹುದು. ತಲೆವಸ್ತ್ರ ಧರಿಸುವ ಹುಡುಗಿಗೆ ವಾರ್ಡಿನಲ್ಲಿ ಶುಚಿಯಾದ, ಬಿಗಿಯಾಗಿ ಕಟ್ಟಿದ ತಲೆವಸ್ತ್ರಕ್ಕೆ ಅವಕಾಶ ಮಾಡಿಕೊಡುವುದಕ್ಕೆ ನಮ್ಮವರ ದವಾಖಾನೆಗಳಲ್ಲಿ ಯಾವ ಸರಕಾರಿ ಆದೇಶವೂ ಅಡ್ಡಬಂದಿಲ್ಲ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಅಂಜುಮನ್ ಮತ್ತು ಜಮಾಅತ್‌ಗಳ ಜವಾಬ್ದಾರರಲ್ಲಿ ನಮ್ಮ ಕೇಳಿಕೆ ಇಷ್ಟು. ರಮಝಾನ್‌ನಲ್ಲಿ ಝಕಾತ್ ಕೇಳಿ ಬರುವ ಪ್ರತಿ ದವಾಖಾನೆ ಟ್ರಸ್ಟಿನಿಂದ ಹಿಂದಿನ ವರ್ಷದ ಸಂಬಳದ ಪಟ್ಟಿಯನ್ನು ಕೇಳಿರಿ. ನೇಮಕಾತಿ ಪತ್ರವು 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ಕಡ್ಡಾಯ. ಅದರ ಪ್ರತಿಯನ್ನು ಕೇಳಿರಿ. ಹೆರಿಗೆ ಮಾಡಿಸುವವಳಿಗೇ ಅವಳ ಹೆರಿಗೆಯಲ್ಲಿ 26 ವಾರಗಳ ಸಂಬಳಸಹಿತ ರಜೆ ಸಿಕ್ಕಿತೇ ಎಂದು ಕೇಳಿರಿ. ಕಪಾಟಿನಲ್ಲಿರುವ ಅಂಕಪಟ್ಟಿಗಳನ್ನು ಈ ವಾರವೇ ವಾಪಸು ಕೊಡಿಸಿರಿ. ಕೊಡದೆ ಉಳಿಸಿಕೊಂಡ ಕೂಲಿಯು ಶರೀಅತ್‌ನಲ್ಲಿ ಸಾಲ; ಸತ್ತವನ ಆಸ್ತಿಯನ್ನು ವಾರೀಸುದಾರರು ಹಂಚಿಕೊಳ್ಳುವ ಮೊದಲು ಅದು ತೀರಬೇಕು. ಖತೀಬರು ಒಂದು ಜುಮಾದಲ್ಲಿ ಈ ಮಸ್‌ಅಲಾವನ್ನು, ದವಾಖಾನೆಗಳ ಮಾಲಕರು ಮೊದಲ ಸಾಲಿನಲ್ಲಿ ಕುಳಿತಿರುವಾಗಲೇ, ವಿವರಿಸಲಿ.